ಪೂವಮ್ಮನ ಕೆಂಪು ಬಾಲ್ದಿ

ಬೆಳಿಗ್ಗೆ ಆರೂ ಇಪ್ಪತ್ತು. ಸುಳ್ಯ ಪೇಟೆಯ ಹಿಂದಿನ ಓಣಿಯಲ್ಲಿರುವ ಆಸಿಯಾ ಅವರ ಮನೆಯ ಬಚ್ಚಲಲ್ಲಿ ಒಲೆ ಹೊತ್ತಿ ಒಂದು ಗಂಟೆಯಾಗಿದೆ. ಹಂಡೆಯಲ್ಲಿ ಮೈನೋವಿಗೆಂದು ಹಾಕಿದ ನೆಕ್ಕಿ ಸೊಪ್ಪು ಕುದಿದು ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ಬಂದಿದೆ. ಮಣೆಯ ಮೇಲೆ ಆಸಿಯಾರ ಮಗಳು ಸುಹಾನಾ ಕೂತಿದ್ದಾಳೆ. ಹೆತ್ತು ಹದಿನೆಂಟು ದಿನ. ನೆತ್ತಿಯಿಂದ ಪಾದದವರೆಗೆ ತೆಂಗಿನೆಣ್ಣೆ, ಅರಸಿನ.

ಪೂವಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ತಣ್ಣೀರು ಬೆರೆಸಿದ ದೊಡ್ಡ ಪಾತ್ರೆಗೆ ಮೊಣಕೈ ಅದ್ದುತ್ತಾರೆ, ತೆಗೆಯುತ್ತಾರೆ, ಇನ್ನೊಂದು ಚೂರು ಬಿಸಿನೀರು ಸುರಿಯುತ್ತಾರೆ. ಆಮೇಲೆ ಚೀಲದಿಂದ ತಮ್ಮ ಪಾತ್ರೆಯನ್ನು ಹೊರತೆಗೆಯುತ್ತಾರೆ. ಅದು ಮಕ್ಕಳ ಆಟದ ಬಾಲ್ದಿ. ಕೆಂಪು ಪ್ಲಾಸ್ಟಿಕ್ಕಿನದು, ಬಿಳಿ ಹಿಡಿ. ತಳದಲ್ಲಿ ಕೋಟೆಯ ಬುರುಜುಗಳಂತೆ ನಾಲ್ಕು ಉಬ್ಬು. ಬಿಸಿನೀರು ಕುಡಿದು ಕುಡಿದು ಒಂದು ಬದಿಯ ಬಣ್ಣ ಗುಲಾಬಿಗೆ ತಿರುಗಿದೆ.

ಮೊದಲ ಬಾಲ್ದಿ ಸೊಂಟಕ್ಕೆ ಬೀಳುತ್ತದೆ.

"ಉಮ್ಮಾ! ಇದು ಕೋಳಿಯ ಪುಕ್ಕ ತೆಗೆಯುವ ನೀರು!"

"ಕೋಳಿ ಇಷ್ಟು ಬೊಬ್ಬೆ ಹಾಕುದಿಲ್ಲ ಮಗಳೇ," ಎನ್ನುತ್ತಾರೆ ಪೂವಮ್ಮ.

ಹೊರಗೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ ಆಸಿಯಾ ಅಲ್ಲಿಂದಲೇ ಹೇಳುತ್ತಾರೆ: "ಹಾಕಿ ಪೂವಕ್ಕ, ಹಾಕಿ. ಇವಳು ಹುಟ್ಟಿದಾಗ ನನ್ನನ್ನು ನೀವು ಬಿಟ್ಟಿದ್ದೀರಾ? ಇವಳನ್ನು ಯಾಕೆ ಬಿಡ್ಬೇಕು?"

"ಹಾಗಾದ್ರೆ ಕಥೆ ಹೇಳಿ," ಸುಹಾನಾ ಹಲ್ಲು ಕಚ್ಚಿಕೊಂಡು ಕೇಳುತ್ತಾಳೆ. "ಕೆಸರಿನದ್ದು."

"ಕೆಸರು ಬೆನ್ನಿಗೆ ನೀರು ಹಾಕುವಾಗ. ಈಗ ಸೊಂಟ. ಸೊಂಟಕ್ಕೆ ವಿಮಾನ."

ಇದು ಪೂವಮ್ಮನ ಕೆಲಸದ ಕ್ರಮ. ಒಬ್ಬ ಬಾಣಂತಿಗೆ ದಿನಕ್ಕೆ ಹನ್ನೆರಡು ಕೊಡ ಬಿಸಿನೀರು. ಸೊಂಟಕ್ಕೆ ನಾಲ್ಕು, ಹೊಟ್ಟೆಗೆ ಎರಡು, ಬೆನ್ನಿಗೆ ನಾಲ್ಕು, ಉಳಿದದ್ದು ತಲೆಗೆ. ಬೆನ್ನಿನ ನೀರು ಎಲ್ಲಕ್ಕಿಂತ ಬಿಸಿ. ಅದು ಬೀಳುವ ಹೊತ್ತಿಗೆ ಕೇಳುವವಳ ಮನಸ್ಸು ಬೇರೆ ಕಡೆ ಇರಬೇಕು. ಅದಕ್ಕೇ ಕಥೆಯ ಒಳ್ಳೆಯ ಭಾಗವನ್ನು ಅವರು ಬೆನ್ನಿಗೆಂದು ಇಟ್ಟುಕೊಳ್ಳುತ್ತಾರೆ. ಮೊದಲು ಕಾಡಾನೆ ಸಂಪಾಜೆಯ ಗೇಟು ಮುರಿದ ಕಥೆ ಇತ್ತು. ನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಸಮುದ್ರದ ಕಥೆ. ಈ ಹದಿನೆಂಟು ದಿನಗಳಲ್ಲಿ ಸುಹಾನಾ ಇದನ್ನು ಕೇಳುತ್ತಿರುವುದು ಮೂರನೇ ಸಲ.

ಬೆನ್ನಿನ ಸರದಿ ಬಂತು. ಬಾಲ್ದಿ ಎತ್ತುತ್ತಾ ಪೂವಮ್ಮ ಹೇಳುತ್ತಾರೆ: "ಅಳಿಯ ಹೋದ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೇದಕ್ಕೆ ಕಾಲು ಇಲ್ಲ!"

ಸುಹಾನಾ ನಗುತ್ತಾಳೆ. ನೀರು ಬೀಳುತ್ತದೆ. ಬೊಬ್ಬೆ ಇಲ್ಲ.

ಅರುವತ್ತೊಂದು ವರ್ಷದ ಪೂವಮ್ಮನ ಮನೆ ಇರುವುದು ಸಂಪಾಜೆಯಲ್ಲಿ, ಘಟ್ಟ ಹತ್ತುವ ಲಾರಿಗಳು ಗೇರ್ ಬದಲಿಸುವ ತಿರುವಿನ ಹತ್ತಿರ. ಗಂಡ ಬೋಜಪ್ಪ ರಬ್ಬರ್ ಟ್ಯಾಪಿಂಗ್ ಮಾಡಿ ಈಗ ನಿಲ್ಲಿಸಿದ್ದಾರೆ. ಮನೆಯಲ್ಲಿ ಅರೆಭಾಷೆ, ಆಸಿಯಾರ ಜೊತೆ ತುಳು, ಸುಹಾನಾಳಿಗೆ ಮತ್ತು ಅವರ ಬಗ್ಗೆ ಬರೆಯಲು ಬಂದ ನನಗೆ ಕನ್ನಡ. ಬಾಣಂತಿಯರನ್ನು ಮೀಯಿಸುವ ಕೆಲಸಕ್ಕೆ ಇಳಿದು ಮೂವತ್ತೊಂಬತ್ತು ವರ್ಷ. ರಾಮಕುಂಜ, ಗುಂಡ್ಯ, ಪುತ್ತೂರಿನ ಆಸುಪಾಸು ಎಂದು ದೂರದ ಮನೆಗಳಲ್ಲಿ ನಲವತ್ತು ದಿನ ಉಳಿದೇ ಕೆಲಸ ಮಾಡಿದ್ದೂ ಉಂಟು. ಈಗ ದಿನಕ್ಕೆ ಎರಡೇ ಮನೆ. ಮೊದಲ ಬಸ್ಸಿಗೆ ಸುಳ್ಯ, ಅಲ್ಲಿ ಮುಗಿಸಿ ಜಾಲ್ಸೂರು, ಮಧ್ಯಾಹ್ನಕ್ಕೆ ವಾಪಸು ಮನೆ.

ಎಷ್ಟು ಜನರನ್ನು ಮೀಯಿಸಿರಬಹುದು?

"ಐನೂರು ಆಗಿರ್ಬಹುದು. ಬರೆದಿಟ್ಟಿಲ್ಲ. ಕೆಲವರ ಮಕ್ಕಳನ್ನೂ ಮೀಯಿಸಿ, ಆ ಮಕ್ಕಳು ದೊಡ್ಡವರಾಗಿ ಹೆತ್ತಾಗ ಅವರನ್ನೂ ಮೀಯಿಸಿದ್ದು ಉಂಟು. ಅವರನ್ನು ಎರಡು ಅಂತ ಹಿಡೀಬೇಕಾ, ಒಂದಾ?"

ಈ ಕೆಲಸ ಅವರಿಗೆ ಬಂದ ದಾರಿ ಸಂತೋಷದ್ದಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ಮೊದಲ ಹೆರಿಗೆ. ಗಂಡು ಮಗು. ಹನ್ನೆರಡನೇ ದಿನ ತೀರಿಕೊಂಡಿತು. ಮಗು ಇಲ್ಲದ ಮೇಲೆ ಬಾಣಂತನ ಯಾಕೆ ಎಂದು ಮನೆಗೆ ಬಂದವರೆಲ್ಲ ಹೇಳಿದರು. ಒಲೆ ಆರಿಸಿ ಎಂದರು. ಪೂವಮ್ಮನ ಅತ್ತೆ ಆರಿಸಲಿಲ್ಲ.

"ಮಗು ಹೋಯ್ತು ಅಂತ ಇವಳ ಮೈ ನೋಯುದು ನಿಂತಿದೆಯಾ, ಅಂತ ಕೇಳಿದ್ರು ಅತ್ತೆ. ಹದಿಮೂರನೇ ದಿನದಿಂದ ನಲವತ್ತರವರೆಗೆ ದಿನಾ ಮೀಯಿಸಿದ್ರು. ಅಳ್ಬೇಡ ಅಂತ ಹೇಳ್ಲಿಲ್ಲ. ನೀರು ಹಾಕಿದ್ರು ಅಷ್ಟೆ."

ನಲವತ್ತನೇ ದಿನ ಬಾಣಂತಿ ಬಾವಿಯ ಹತ್ತಿರ ಹೋಗುವ ಕ್ರಮ ಈ ಕಡೆಯ ಮನೆಗಳಲ್ಲಿ ಉಂಟು. ಬಾವಿಕಟ್ಟೆಗೆ ಅರಸಿನ ಕುಂಕುಮ ಹಚ್ಚಿ, ವೀಳ್ಯದೆಲೆ ಅಡಿಕೆ ಇಟ್ಟು, ಕೈ ಮುಗಿದು, ಒಂದು ಪಾತ್ರೆ ನೀರನ್ನು ಅವಳೇ ಸೇದಿ ಒಳಗೆ ತರಬೇಕು. ಅಲ್ಲಿಗೆ ಬಾಣಂತನ ಮುಗಿಯಿತು. ಅವಳು ಮತ್ತೆ ಮನೆಯವಳು. ಮಗು ಇಲ್ಲದ ಪೂವಮ್ಮನ ಕೈಗೆ ಅತ್ತೆ ತಮ್ಮ ತಾಮ್ರದ ಚೆಂಬನ್ನು ಕೊಟ್ಟು, ಹಗ್ಗ ಕಟ್ಟಿ, ಸೇದು ಎಂದರು.

"ಸೇದಿದೆ. ಆವತ್ತು ನನಗೆ ಗೊತ್ತಾಯ್ತು, ನೀರು ಸೇದುದು ಮಗುವಿಗಲ್ಲ. ಹೆಂಗಸಿಗೆ."

ಮರುವರ್ಷ ಅತ್ತೆಯ ಜೊತೆಗೇ ಕೆಲಸಕ್ಕೆ ಹೊರಟರು. ಆಮೇಲೆ ಇಬ್ಬರು ಹೆಣ್ಣು ಮಕ್ಕಳಾದರು. ಅತ್ತೆ ತೀರಿಕೊಂಡ ಮೇಲೆ ಚೆಂಬು ಇವರಿಗೆ ಬಂತು. ಮೂವತ್ತು ವರ್ಷ ಅದರಲ್ಲೇ ನೀರು ಹಾಕಿದರು. ಈಗ ಆ ಚೆಂಬು ಅವರ ಬಳಿ ಇಲ್ಲ. ಅದರ ಜಾಗದಲ್ಲಿ ಕೆಂಪು ಬಾಲ್ದಿ ಇದೆ.

ನಾಲ್ಕು ವರ್ಷದ ಹಿಂದಿನ ಮಾತು. ರಾಮಕುಂಜದಲ್ಲಿರುವ ಪೂವಮ್ಮನ ದೊಡ್ಡಮ್ಮನ ಮಗಳಿಗೆ ಹೃದಯದ ತೊಂದರೆ, ವಿಮಾನ ಹತ್ತುವ ಹಾಗಿಲ್ಲ. ಅವರ ಮಗಳು ಶರ್ಮಿಳಾ ನರ್ಸ್. ಗಂಡ ಹರಿಪ್ರಸಾದ್ ಜೊತೆ ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಊರಿನಲ್ಲಿದ್ದಾರೆ. ಒಂದು ಕಾಲದಲ್ಲಿ ಬೇಸಿಗೆ ರಜೆಗೆ ಗಿರಣಿ ಕೆಲಸಗಾರರು ರೈಲು ತುಂಬಿ ಬರುತ್ತಿದ್ದ ಸಮುದ್ರ ವಿಹಾರದ ಊರು ಅದು. ಈಗಲೂ ಬೇಸಿಗೆಗೆ ಜನ ಬರುತ್ತಾರೆ. ಉಳಿದ ದಿನಗಳಲ್ಲಿ, ಸಮುದ್ರ ನೋಡುತ್ತ ವಯಸ್ಸು ಕಳೆಯಲು ಬಂದ ಹಿರಿಯರೇ ಹೆಚ್ಚು. ಅವರಿಗಾಗಿ ಇರುವ ಆರೈಕೆಯ ಮನೆಯಲ್ಲಿ ಶರ್ಮಿಳಾರಿಗೆ ಕೆಲಸ. ಚೊಚ್ಚಲ ಹೆರಿಗೆಗೆ ಅಮ್ಮನ ಬದಲು ಚಿಕ್ಕಮ್ಮ ಪೂವಮ್ಮ ಹೋದರು. ಶರ್ಮಿಳಾ ಹುಟ್ಟಿದಾಗ ಅವರನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದ್ದೂ ಈ ಚಿಕ್ಕಮ್ಮನೇ.

ಪೆಟ್ಟಿಗೆಯಲ್ಲಿ ಒಣಗಿಸಿದ ನೆಕ್ಕಿ ಸೊಪ್ಪು, ಅರಸಿನ, ಸಾಂಬ್ರಾಣಿ, ಅತ್ತೆಯ ಚೆಂಬು. ಅಲ್ಲಿ ಒಲೆ ಇಲ್ಲ, ಹಂಡೆ ಇಲ್ಲ. ನಳ್ಳಿಯ ಬಿಸಿನೀರು ಏಳು ನಿಮಿಷಕ್ಕೆ ಮುಗಿಯುತ್ತಿತ್ತು. ಎರಡು ಕುಕ್ಕರ್, ಒಂದು ಅನ್ನದ ಪಾತ್ರೆ, ಒಂದು ವಿದ್ಯುತ್ ಕೆಟಲ್, ಇಷ್ಟರಲ್ಲಿ ಹನ್ನೆರಡು ಕೊಡದ ಲೆಕ್ಕ ಹೊಂದಿಸಿದರು. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದಾಗ ಚಾವಣಿಯಲ್ಲಿದ್ದ ಬಿಳಿ ಡಬ್ಬಿಯೊಂದು ಕೂಗತೊಡಗಿತು. ಪಕ್ಕದ ಮನೆಯವರು ಚಪ್ಪಲಿ ಹಾಕದೆ ಬೀದಿಗೆ ಓಡಿದರು.

"ಹೊಗೆ ಬಂದ್ರೆ ಮನೆ ಕೂಗುದು! ಹಾಗೆ ಆದ್ರೆ ನಮ್ಮ ಬಚ್ಚಲು ದಿನಾ ಕೂಗ್ಬೇಕು ಮಾರಾಯ್ರೆ."

ಕೂಗದೇ ಇದ್ದವರು ಶರ್ಮಿಳಾ ಒಬ್ಬರೇ. ಅಷ್ಟು ಬಿಸಿನೀರು ಬಿದ್ದರೂ ಅವರ ಬಾಯಿಂದ ಸದ್ದು ಬರಲಿಲ್ಲ. ಮಗು ಕೊಟ್ಟರೆ ಹಾಲು ಕೊಡುತ್ತಿದ್ದರು, ಆಮೇಲೆ ವಾಪಸು ಕೊಡುತ್ತಿದ್ದರು. "ಯಾರದ್ದೋ ಸಾಮಾನು ಹಿಡ್ಕೊಂಡ ಹಾಗೆ ಹಿಡಿಯುದು," ಎಂದು ಪೂವಮ್ಮ ತಮ್ಮ ಎರಡು ಕೈಗಳನ್ನು ಮೈಯಿಂದ ದೂರ ಚಾಚಿ ತೋರಿಸುತ್ತಾರೆ. ಮನೆಗೆ ಬಂದು ವಿಚಾರಿಸುವ ದಾದಿಯ ಕಾಗದದಲ್ಲಿ ಶರ್ಮಿಳಾ ಎಲ್ಲ ಪ್ರಶ್ನೆಗೂ ಚೆನ್ನಾಗಿದ್ದೇನೆ ಎಂದೇ ಗುರುತು ಹಾಕಿದ್ದರು. ಸ್ವತಃ ನರ್ಸ್, ಯಾವ ಉತ್ತರಕ್ಕೆ ಪ್ರಶ್ನೆ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಹನ್ನೊಂದನೇ ದಿನ ಪೂವಮ್ಮ ಹರಿಪ್ರಸಾದರನ್ನು ಅಡುಗೆಮನೆಗೆ ಕರೆದು, ಡಾಕ್ಟರಿಗೆ ಹೇಳು, ಇದು ನೀರಿನಿಂದ ಮಾತ್ರ ಹೋಗುವುದಲ್ಲ ಎಂದರು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯ ಹೊತ್ತು ತಪ್ಪದಂತೆ ನೋಡಿಕೊಂಡದ್ದು ಪೂವಮ್ಮ. (ಇದನ್ನೆಲ್ಲ ಬರೆಯಲು ಶರ್ಮಿಳಾ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಬದಲಿಸಬೇಡಿ ಎಂದವರೂ ಅವರೇ.)

ಆ ನಲವತ್ತು ದಿನ ಪೂವಮ್ಮ ಹೊಸ್ತಿಲು ದಾಟಿ ದೂರ ಹೋಗಲಿಲ್ಲ. ಬಚ್ಚಲಿನ ಕಿಟಕಿಯಿಂದ, ಎರಡು ಮನೆಗಳ ಮಾಡಿನ ನಡುವೆ, ಬೂದು ಬಣ್ಣದಲ್ಲಿ ಹೊಳೆಯುವ ಒಂದು ಪಟ್ಟಿ ಕಾಣುತ್ತಿತ್ತು. ಸಮುದ್ರ ಎಂದು ಹರಿಪ್ರಸಾದ್ ತೋರಿಸಿದ್ದರು. ಅದನ್ನು ನೋಡಿಯೇ ಪೂವಮ್ಮ ನಿಶ್ಚಯ ಮಾಡಿದರು. ಆ ಊರಲ್ಲಿ ಬಾವಿ ಇಲ್ಲ. ಹಾಗಾಗಿ ನಲವತ್ತನೇ ದಿನ ಸಮುದ್ರದಿಂದ ಸೇದುವುದು.

"ಉಪ್ಪುನೀರಲ್ವಾ ಅತ್ತೆ, ಅದಾಗ್ತದಾ?" ಎಂದು ಕೇಳಿದರಂತೆ ಅಳಿಯ.

"ಉಪ್ಪುನೀರು ಕುಡೀಲಿಕ್ಕೆ ಆಗುದಿಲ್ಲ. ಸೇದ್ಲಿಕ್ಕೆ ಎಂತ ತೊಂದರೆ?"

ಊರಿನಿಂದ ಒಳ್ಳೆಯ ಗಳಿಗೆ ಕೇಳಿ ಇಟ್ಟಿದ್ದರು. ಬೆಳಿಗ್ಗೆ ಹತ್ತೂವರೆಯ ಒಳಗೆ. ಜೂನ್ ತಿಂಗಳ ಕೊನೆ, ಬಿಸಿಲು ಇತ್ತು. ಸೀರೆಯ ಮೇಲೆ ಸ್ವೆಟರ್, ಕಾಲುಚೀಲದ ಮೇಲೆ ಚಪ್ಪಲಿ. ಒಂದು ಚೀಲದಲ್ಲಿ ಚೆಂಬು, ಹಗ್ಗ, ಅರಸಿನ ಕುಂಕುಮ, ದೂರದ ಪೇಟೆಯಿಂದ ತರಿಸಿದ ಐದು ವೀಳ್ಯದೆಲೆ. ಶರ್ಮಿಳಾ ಜೊತೆಗೆ ನಡೆದರು. ಮಗುವನ್ನು ಹರಿಪ್ರಸಾದ್ ಎದೆಗೆ ಕಟ್ಟಿಕೊಂಡಿದ್ದರು.

ಕಡಲತೀರದಲ್ಲಿ ಸಾಲು ಸಾಲು ಬಣ್ಣದ ಪುಟ್ಟ ಮರದ ಗೂಡುಗಳು. ಮಕ್ಕಳನ್ನು ಕೂರಿಸಿಕೊಂಡು ನಡೆಯುವ ಕತ್ತೆಗಳು. ಪ್ರತಿ ಕತ್ತೆಯ ಹಣೆಪಟ್ಟಿಯಲ್ಲೂ ಅದರ ಹೆಸರು. ಕಬ್ಬಿಣದ ಕಾಲುಗಳ ಮೇಲೆ ಉದ್ದಕ್ಕೆ ಚಾಚಿ, ಆಚೆ ಯಾವ ದಡವನ್ನೂ ಮುಟ್ಟದ ಸೇತುವೆ. "ದಾಟ್ಲಿಕ್ಕೆ ಅಲ್ಲವಂತೆ, ಹೋಗಿ ವಾಪಸ್ ಬರ್ಲಿಕ್ಕಂತೆ," ಎನ್ನುತ್ತಾರೆ ಪೂವಮ್ಮ. ಎಲ್ಲ ಇತ್ತು. ಸಮುದ್ರ ಇರಲಿಲ್ಲ.

ಅವರು ಅದಕ್ಕೂ ಮೊದಲು ಸಮುದ್ರ ನೋಡಿದ್ದು ಎರಡು ಸಲ. ಪಣಂಬೂರಿನಲ್ಲಿ ಒಮ್ಮೆ, ಉಳ್ಳಾಲದಲ್ಲಿ ಒಮ್ಮೆ. ಎರಡು ಸಲವೂ ಅದು ಇದ್ದಲ್ಲೇ ಇತ್ತು. ಇಲ್ಲಿ ಕಣ್ಣು ಹಾಯುವಷ್ಟು ದೂರ ಒದ್ದೆ ಮರಳು, ಕೆಸರು. ಕಿಟಕಿಯಲ್ಲಿ ಹೊಳೆಯುತ್ತಿದ್ದ ಪಟ್ಟಿ ಅರ್ಧ ದಿನ ನೀರು, ಅರ್ಧ ದಿನ ಈ ಒದ್ದೆ ಮರಳು ಎಂದು ಆಗ ತಿಳಿಯಿತು. ಅಲ್ಲಿಯ ಸಮುದ್ರದ ನೀರು ದಿನಕ್ಕೆ ಎರಡು ಸಲ ಮೈಲಿ ದೂರ ಹಿಂದೆ ಸರಿಯುತ್ತದೆ, ಎರಡು ಸಲ ಬರುತ್ತದೆ. ಹರಿಪ್ರಸಾದರಿಗೆ ಇದು ಗೊತ್ತಿತ್ತು. ಹೇಳಬೇಕೆಂದು ಹೊಳೆಯಲಿಲ್ಲ.

ಗಳಿಗೆ ಮೀರುತ್ತಿತ್ತು. ಹರಿಪ್ರಸಾದ್ ಮಗುವನ್ನು ಪೂವಮ್ಮನಿಗೆ ಕೊಟ್ಟು, ಚೆಂಬು ಹಿಡಿದು, ದೂರದ ನೀರಿನತ್ತ ನಡೆದೇಬಿಟ್ಟರು. ನಾನು ತರುತ್ತೇನೆ, ಶರ್ಮಿಳಾ ಇಲ್ಲಿ ಮುಟ್ಟಿದರಾಯಿತು ಎಂದು ಅವರ ಲೆಕ್ಕ. ಹಿಂದಿನಿಂದ ಯಾರೋ ಜೋರಾಗಿ ಸೀಟಿ ಊದಿದರು. ಮೊಣಕಾಲಿನವರೆಗೆ ಕೆಸರು ಹಿಡಿಯಿತು. ಪಟ್ಟೆ ಬಟ್ಟೆಯ ಮಡಚುವ ಕುರ್ಚಿಗಳನ್ನು ಜನರಿಗೆ ಹಾಕಿಕೊಡುವ ಒಬ್ಬ ಮುದುಕ ಹಲಗೆ ಹಿಡಿದು ಓಡಿ ಬಂದು, ಅದನ್ನು ಚಾಚಿ ಎಳೆದರು. ಅಳಿಯ ಬಂದರು. ಒಂದು ಬೂಟು ಬರಲಿಲ್ಲ. ಚೆಂಬೂ ಬರಲಿಲ್ಲ. ಅಲ್ಲಿ ಯಾರೂ ನಡೆಯಬಾರದು ಎಂಬ ಫಲಕ ಅವರ ಬೆನ್ನ ಹಿಂದೆಯೇ ಇತ್ತು.

ಬೈದಿರಾ?

"ಬೈದೆ. ಅರೆಭಾಷೆಯಲ್ಲಿ ಬೈದೆ, ಕುರ್ಚಿಯ ಅಜ್ಜನಿಗೆ ಅರ್ಥ ಆಗ್ಬಾರ್ದು ಅಂತ. ಆ ಅಜ್ಜನಿಗೂ ಅರ್ಥ ಆಯ್ತು." ಆಮೇಲೆ ಹೇಳುತ್ತಾರೆ: "ಅತ್ತೆಯ ಚೆಂಬು. ನಾನು ಸೇದಿದ ಚೆಂಬು. ಆಗ ಹಿಂದೆ ಯಾರೋ ನಗುದು ಕೇಳಿತು. ತಿರುಗಿ ನೋಡಿದ್ರೆ ಇವಳು."

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು ಮೆತ್ತಿಕೊಂಡು ನಿಂತ ಗಂಡನನ್ನು ನೋಡಿ ಶರ್ಮಿಳಾ ನಗುತ್ತಿದ್ದರು. ನಲವತ್ತು ದಿನಗಳಲ್ಲಿ ಮೊದಲ ಸಲ.

ಇನ್ನು ಗಳಿಗೆಯೂ ಇಲ್ಲ, ಪಾತ್ರೆಯೂ ಇಲ್ಲ. ಮನೆಗೆ ಹೋಗಿ ನಳ್ಳಿ ನೀರಿನಲ್ಲಿ ಮುಗಿಸುವ ಎಂದರು ಹರಿಪ್ರಸಾದ್. ಪೂವಮ್ಮ ಒಪ್ಪಲಿಲ್ಲ. "ತಿರುಗಿಸಿದ್ರೆ ಬರುವ ನೀರಿಗೆ ಎಂತ ಕೈಮುಗಿಯುದು?" ಹಾಗೆಂದು ಮುಂದೆ ಏನು ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಆಗ ಶರ್ಮಿಳಾ ಹೇಳಿದರು: "ಕಾಯುವ, ಚಿಕ್ಕಮ್ಮ. ಬರ್ತದಲ್ಲ."

ಆ ಮಾತನ್ನು ಹೇಳುವಾಗ ಪೂವಮ್ಮ ಪ್ರತಿ ಸಲವೂ ಕೈಯ ಕೆಲಸ ನಿಲ್ಲಿಸುತ್ತಾರೆ. ಅದುವರೆಗೆ ಊಟ, ಸ್ನಾನ, ನಿದ್ದೆ ಎಲ್ಲವನ್ನೂ ಬೇರೆಯವರು ಹೇಳಿದಂತೆ ಮಾಡುತ್ತಿದ್ದ ಹುಡುಗಿ ತಾನಾಗಿ ಹೇಳಿದ ಮೊದಲ ಮಾತು ಅದು.

ಅಜ್ಜ ಮೂರು ಕುರ್ಚಿ ಹಾಕಿಕೊಟ್ಟರು. ಗಾಳಿಗೆ ಅಡ್ಡವಾಗಿ ಕೋಲು ನೆಟ್ಟು ಬಟ್ಟೆ ಕಟ್ಟಿದರು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ತೋರಿಸಿದರು. ನಾಲ್ಕೂ ನಲವತ್ತಕ್ಕೆ ನೀರು ಪೂರ್ತಿ ಬರುತ್ತದೆ. ಇಲ್ಲಿಗೆ ಬಂದವರೆಲ್ಲ ಸಮುದ್ರ ಎಲ್ಲಿ ಎಂದು ತನ್ನನ್ನೇ ಬೈಯುತ್ತಾರೆ ಎಂದರಂತೆ. ಪೂವಮ್ಮನಿಗೆ ಅವರ ಮೇಲೆ ವಿಶ್ವಾಸ ಬಂತು. "ಆ ಅಜ್ಜನದ್ದೂ ನಮ್ಮ ಹಾಗಿನ ಕೆಲಸವೇ. ಬೇರೆಯವರು ಕೂತ್ಕೊಳ್ಳುದು, ಅವರು ನಿಂತ್ಕೊಳ್ಳುದು."

ಹೀಗೆ ಸಂಪಾಜೆಯ ಪೂವಮ್ಮ ಇಂಗ್ಲೆಂಡಿನ ಕಡಲತೀರದಲ್ಲಿ ಐದೂವರೆ ಗಂಟೆ ಕೂತರು. ಹಗಲು ಹೊತ್ತು ಅಷ್ಟು ಉದ್ದಕ್ಕೆ ಕೂತದ್ದು ತಮ್ಮ ಜೀವನದಲ್ಲೇ ಮೊದಲು ಎನ್ನುತ್ತಾರೆ. ಬಟ್ಟೆಯ ಕುರ್ಚಿ ಒಮ್ಮೆ ಒಳಗೆ ಎಳೆದುಕೊಂಡರೆ ಏಳಲು ಬಿಡುವುದಿಲ್ಲ. ಅಳಿಯ ಒಂದೇ ಬೂಟಿನಲ್ಲಿ ಹೋಗಿ ಕಾಗದದಲ್ಲಿ ಕಟ್ಟಿದ ಹುರಿದ ಮೀನು, ಬಟಾಟೆ ತಂದರು, ಮೇಲೆ ವಿನೆಗರ್. ಮೀನಿನ ಒಂದು ತುಂಡನ್ನು ಬಿಳಿ ಕಡಲಹಕ್ಕಿ ಅವರ ಕೈಯಿಂದಲೇ ಎತ್ತಿಕೊಂಡು ಹೋಯಿತು. "ಮೀನು ತಾಜಾ ಇತ್ತು. ಮೆಣಸು ಇಲ್ಲ, ಹುಳಿ ಇಲ್ಲ. ಪಾಪ, ಹಕ್ಕಿಗೆ ಗೊತ್ತಿಲ್ಲ." ಮಗುವಿಗೆ ಹಸಿವಾದಾಗ ಶರ್ಮಿಳಾ ತಾವೇ ಕೈ ಚಾಚಿ ತೆಗೆದುಕೊಂಡರು. ಹಾಲು ಕೊಟ್ಟ ಮೇಲೆ ವಾಪಸು ಕೊಡಲಿಲ್ಲ. ಪೂವಮ್ಮ ಆ ಕಡೆ ನೋಡದೆ ಕತ್ತೆಗಳನ್ನು ಎಣಿಸುತ್ತ ಕೂತರು. ಏಳು ಕತ್ತೆ.

ಮೂರು ಗಂಟೆಗೆ ದೂರದಲ್ಲಿ ಒಂದು ಬಿಳಿ ಗೆರೆ. ಮೂರೂವರೆಗೆ ಸದ್ದು. ಆಮೇಲೆ ನೀರು ತೆವಳುತ್ತ, ಮರಳಿನ ಗುಂಡಿಗಳನ್ನು ತುಂಬುತ್ತ, ಯಾರಿಗೂ ಅವಸರವಿಲ್ಲದ ಹಾಗೆ ಬಂತು. ಅಜ್ಜ ತಮ್ಮ ಗೂಡಿನಿಂದ ಒಂದು ಕೆಂಪು ಬಾಲ್ದಿ ತಂದರು. ಮಕ್ಕಳು ಆಡಿ ಬಿಟ್ಟುಹೋದವುಗಳನ್ನೆಲ್ಲ ಅವರು ಎತ್ತಿಡುತ್ತಾರಂತೆ. ಅದರಲ್ಲಿ ಒದ್ದೆ ಮರಳು ತುಂಬಿ ಕವುಚಿದರೆ ಕೋಟೆಯಾಗುತ್ತದೆ ಎಂದು ಒಂದು ಕವುಚಿಯೂ ತೋರಿಸಿದರು.

ನಾಲ್ಕು ಗಂಟೆಗೆ ಆ ಮರಳಿನ ಕೋಟೆಗೇ ಅರಸಿನ ಕುಂಕುಮ ಹಚ್ಚಿದರು. ಅದೇ ಬಾವಿಕಟ್ಟೆ. ಎಲೆ ಅಡಿಕೆ ಇಟ್ಟರು. ಶರ್ಮಿಳಾ ಪಾದ ಮುಳುಗುವಷ್ಟು ನೀರಿಗೆ ಇಳಿದು, ಬಗ್ಗಿ, ಬಾಲ್ದಿ ತುಂಬಿಸಿ ಎತ್ತಿಕೊಂಡರು. ಮುಂದಿನ ತೆರೆಗೆ ಕೋಟೆ ಕರಗಿತು. ಅಜ್ಜ ಟೋಪಿ ತೆಗೆದು ನಿಂತಿದ್ದರು. ನೀರನ್ನು ಹೊತ್ತುಕೊಂಡು ಮನೆಯವರೆಗೆ ನಡೆದವರು ಶರ್ಮಿಳಾ. ಏರುದಾರಿ. ಯಾರ ಕೈಗೂ ಕೊಡಲಿಲ್ಲ.

"ಆವತ್ತಿಗೆ ಎಲ್ಲ ಸರಿ ಆಯ್ತು ಅಂತ ಬರೀಬೇಡಿ ಆಯ್ತಾ," ಪೂವಮ್ಮ ಬೆರಳೆತ್ತಿ ಹೇಳುತ್ತಾರೆ. "ಮಾತ್ರೆ ಮತ್ತೆಯೂ ಆರು ತಿಂಗಳು ಇತ್ತು. ನೀರು ಸೇದಿದ್ದು ಸೇದಿದ್ದು. ಮಾತ್ರೆ ಮಾತ್ರೆ."

ಬಾಲ್ದಿ ಅವರ ಜೊತೆ ಊರಿಗೆ ಬಂತು. ಚೆಂಬು ಇಲ್ಲದ್ದಕ್ಕೆ ಅದರಲ್ಲೇ ನೀರು ಹಾಕತೊಡಗಿದರು. ಹಾಕುತ್ತ ಹಾಕುತ್ತ ಒಂದು ಅನುಕೂಲವೂ ಕಂಡಿತು. ದಶಕಗಳ ಕಾಲ ತುಂಬಿದ ಪಾತ್ರೆ ಎತ್ತಿ ಎತ್ತಿ ಬಲಗೈಯ ಮಣಿಕಟ್ಟು ಸವೆದಿದೆ. ಭಾರ ಎತ್ತುವುದು ನಿಲ್ಲಿಸಿ ಎಂದು ಪುತ್ತೂರಿನ ಡಾಕ್ಟರು ಎರಡು ಸಲ ಹೇಳಿದ್ದಾರೆ. ಪೂರ್ತಿ ನಿಲ್ಲಿಸಲು ಆಗಲಿಲ್ಲ, ಪಾತ್ರೆ ಹಗುರವಾಯಿತು. ಒಂದು ಚೆಂಬಿನ ಜಾಗಕ್ಕೆ ಎರಡು ಬಾಲ್ದಿ. ಹೊತ್ತು ಹೆಚ್ಚು ಬೇಕು. ಹಾಗಾಗಿ ಕಥೆಯೂ ಉದ್ದವಾಯಿತು.

ಶರ್ಮಿಳಾರಿಗೆ ಈಗ ಎರಡನೇ ಮಗು. ಗಂಡು. ಈ ಸಲ ಪೂವಮ್ಮ ಹೋಗಲಿಲ್ಲ. ದಿನಕ್ಕೆ ಹನ್ನೆರಡು ಕೊಡ ನೀರನ್ನು ಕುಕ್ಕರಿನಲ್ಲಿ ಕಾಯಿಸಿ ಮಹಡಿಗೆ ಹೊರಲು ಅವರ ಮಣಿಕಟ್ಟಿಗೆ ಆಗದು. ಬೇಡ ಎಂದವರು ಶರ್ಮಿಳಾ. ದಿನಾ ಮಧ್ಯಾಹ್ನ ಒಂದೂವರೆಗೆ, ಅಲ್ಲಿ ಬೆಳಿಗ್ಗೆ ಒಂಬತ್ತಾಗುವಾಗ, ಪೂವಮ್ಮ ವಿಡಿಯೊ ಕರೆ ಮಾಡುತ್ತಾರೆ. ಮಾತಿಗಿಂತ ಹೆಚ್ಚಾಗಿ ನೋಡುತ್ತಾರೆ. ಮಗುವನ್ನು ಹೇಗೆ ಹಿಡಿದಿದ್ದಾಳೆ, ಕಣ್ಣು ಎಲ್ಲಿ ನಿಂತಿದೆ, ಉತ್ತರ ಎಷ್ಟು 'ಚೆನ್ನಾಗಿ' ಇದೆ.

ಒಂದನ್ನು ಮಾತ್ರ ಅವರು ಮಗು ಹುಟ್ಟಿದ ಈ ಇಪ್ಪತ್ತೇಳು ದಿನಗಳಲ್ಲಿ ಬಾಯಿಗೆ ತಂದಿಲ್ಲ. ನಲವತ್ತನೇ ದಿನದ ನೀರು.

"ನಾನು ಕೇಳುದಿಲ್ಲ. ಕೇಳಿದ್ರೆ ಅವಳು ನನಗೋಸ್ಕರ ಮಾಡ್ತಾಳೆ. ಹಾಗೆ ಮಾಡುದಾದ್ರೆ ಅದು ಸೇದಿದ ಹಾಗೆ ಅಲ್ಲ." ಜಾಲ್ಸೂರಿಗೆ ಹೋಗುವ ಬಸ್ಸಿನ ಕಿಟಕಿಗೆ ಮುಖ ಮಾಡಿ ಸೇರಿಸುತ್ತಾರೆ: "ಅವಳಾಗಿ ಹೇಳ್ಬೇಕು. ಹೇಳದಿದ್ರೆ, ಆ ಹುಡುಗಿ ಮತ್ತೆ ಒಳಗೆ ಹೋಗಿದ್ದಾಳೆ ಅಂತ ನನಗೆ ಗೊತ್ತಾಗ್ತದೆ. ನಾನು ಇಲ್ಲಿದ್ದು ಎಂತ ಮಾಡ್ಲಿ?"

ಜಾಲ್ಸೂರಿನ ಮನೆ ಮುಗಿಸಿ ಸಂಪಾಜೆ ತಲುಪುವಾಗ ಗಂಟೆ ಒಂದು. ಬೋಜಪ್ಪ ಗಂಜಿ, ಚಟ್ನಿ ಮಾಡಿಟ್ಟಿದ್ದಾರೆ. "ಲಂಡನ್ನಿನವರು ಬಂದ್ರು," ಎಂದು ನನಗೆ ಕುರ್ಚಿ ಎಳೆದುಕೊಡುತ್ತಾರೆ. ಅದು ಲಂಡನ್ ಅಲ್ಲವೆಂದು ಪೂವಮ್ಮ ನಾಲ್ಕು ವರ್ಷಗಳಿಂದ ಹೇಳುತ್ತಿದ್ದಾರೆ. ಊರಿನ ನಿಜವಾದ ಹೆಸರು ಬಾಯಿಗೆ ಬರುವುದಿಲ್ಲವಾದ್ದರಿಂದ ವಾದ ಅಲ್ಲಿಗೇ ನಿಲ್ಲುತ್ತದೆ.

ಊಟದ ನಡುವೆ ಕೇಳಿದೆ, ನಿಮಗೇನಾದರೂ ಆಸೆ ಇದೆಯೇ?

ಗಂಜಿಗೆ ಚಟ್ನಿ ಬೆರೆಸುತ್ತ ಹೇಳಿದರು: "ಆ ಬಟ್ಟೆಯ ಕುರ್ಚಿಯಲ್ಲಿ ಇನ್ನೊಮ್ಮೆ ಕೂರ್ಬೇಕು. ಸಮುದ್ರಕ್ಕೆ ಕಾಯ್ಲಿಕ್ಕೆ ಅಲ್ಲ. ಸುಮ್ಮನೆ."

ಒಂದೂವರೆ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಇಡುತ್ತಾರೆ. ಪರದೆಯಲ್ಲಿ ಮೊದಲು ಕಾಣುವುದು ನಾಲ್ಕು ವರ್ಷದ ಯಶಸ್ವಿಯ ಮೂಗು. ಅಂದು ಐದೂವರೆ ಗಂಟೆ ಕಾದ ಮಗು ಇವಳೇ. ಅವಳನ್ನು ಬದಿಗೆ ಸರಿಸಿ ಶರ್ಮಿಳಾ ಬರುತ್ತಾರೆ. ತಲೆಗೂದಲು ಒದ್ದೆ. ಮಗು ಹೆಗಲ ಮೇಲೆ, ಕೆನ್ನೆಗೆ ಕೆನ್ನೆ ತಾಗಿ.

"ಮಿಂದಾಯ್ತಾ?"

"ಆಯ್ತು. ಇವರೇ ನೀರು ಹಾಕಿದ್ದು."

"ಬಿಸಿ ಇತ್ತಾ?"

"ಬೊಬ್ಬೆ ಹಾಕಿದೆ, ಚಿಕ್ಕಮ್ಮ. ಪಕ್ಕದ ಮನೆಯವರು ಬಂದು ಕೇಳಿದ್ರು."

ಪೂವಮ್ಮನ ಮುಖ ಸ್ವಲ್ಪ ಸಡಿಲವಾಗುತ್ತದೆ. ನಿದ್ದೆ, ಊಟ, ಹಾಲು ಎಲ್ಲ ಕೇಳುತ್ತಾರೆ. ಕೇಳಬೇಕಾದದ್ದನ್ನು ಕೇಳುವುದಿಲ್ಲ. ಬೋಜಪ್ಪ ಏನೋ ಹೇಳಲು ಬಾಯಿ ತೆರೆದಾಗ ಕಾಲಿನಿಂದ ಅವರ ಕಾಲನ್ನು ಒತ್ತುತ್ತಾರೆ. ಇನ್ನೇನು ಕರೆ ಮುಗಿಯಬೇಕು.

"ಚಿಕ್ಕಮ್ಮ, ಮತ್ತೊಂದು ಉಂಟು," ಎನ್ನುತ್ತಾರೆ ಶರ್ಮಿಳಾ. "ನಲವತ್ತು ಬರುದು ಮುಂದಿನ ವಾರ ಶನಿವಾರ. ಆವತ್ತು ನೀರು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಪೂರ್ತಿ ಬರ್ತದೆ. ನಾನು ನೋಡಿಟ್ಟಿದ್ದೇನೆ. ನಾವು ಹತ್ತಕ್ಕೇ ಹೋಗಿ ಕೂತ್ಕೊಳ್ತೇವೆ."

ಪೂವಮ್ಮ ಫೋನನ್ನು ಉಪ್ಪಿನ ಡಬ್ಬಿಯ ಬದಿಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

"ಅಜ್ಜಿ, ನನ್ನ ನೀಲಿ ಬಾಲ್ದಿ ಅಮ್ಮನಿಗೆ ಕೊಡುದು," ಯಶಸ್ವಿ ಕೆಳಗಿನಿಂದ ಕೂಗುತ್ತಾಳೆ. "ಆದ್ರೆ ವಾಪಸ್ ಕೊಡ್ಬೇಕು!"

"ಚಿಕ್ಕಮ್ಮ, ಕೇಳ್ತದಾ?"

"ಕೇಳ್ತದೆ," ಎನ್ನುತ್ತಾರೆ ಪೂವಮ್ಮ. "ಸ್ವೆಟರ್ ಹಾಕ್ಕೊಂಡು ಹೋಗು. ಅಲ್ಲಿಯ ಗಾಳಿ ಒಳ್ಳೆದಲ್ಲ. ಗಂಡನನ್ನು ಕೆಸರಿಗೆ ಬಿಡ್ಬೇಡ."

ಕರೆ ಮುಗಿಯುತ್ತದೆ. ಗಂಜಿ ಆರಿದೆ. ಅವರು ಎದ್ದು, ಚೀಲದಿಂದ ಕೆಂಪು ಬಾಲ್ದಿ ತೆಗೆದು, ಅಂಗಳದ ನಳ್ಳಿಯಲ್ಲಿ ತೊಳೆದು, ಬಿಸಿಲಿಗೆ ಗೋಡೆಯ ಮೇಲೆ ಕವುಚಿ ಹಾಕುತ್ತಾರೆ. ನಾಲ್ಕು ಬುರುಜು ಮೇಲಾಗಿ ನಿಲ್ಲುತ್ತವೆ. ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ, ನನಗಲ್ಲ, ಬೋಜಪ್ಪನಿಗೆ ಹೇಳುತ್ತಾರೆ:

"ಇಷ್ಟು ವರ್ಷ ಎಲ್ಲರಿಗೂ ನಾನೇ ಹೊತ್ತು ಹೇಳಿದ್ದು. ಇವತ್ತು ಇವಳು ನನಗೆ ಹೊತ್ತು ಹೇಳಿದಳು."